ಆರಿಸಿಕೊಂಡ ಸಹೋದರರು



ನಮ್ಮ ಕರಾವಳಿಯಿಂದ ಹೋಗಿ ಅಮೇರಿಕಾದಲ್ಲಿ ನೆಲೆಸಿರುವ ಹಿರಿಯ ಮಿತ್ರರೊಬ್ಬರು ಒಂದು ಪ್ರಶ್ನೆ ಬರೆದು ಕಳುಹಿಸಿದ್ದಾರೆ. ಅವರ ಮಗ ಕಾಲೇಜಿಗೆ ಹೋಗುವುದು ಮನೆಯಿಂದಲೇ. ಬೆಳಿಗ್ಗೆ ಕಾರಿನಲ್ಲಿ ಹೋಗಿ, ತರಗತಿ ಮುಗಿದೊಡನೆ ಮರಳುತ್ತಾನೆ. ಅಲ್ಲಿನ ಹೆಚ್ಚಿನ ವಿದ್ಯಾರ್ಥಿಗಳೂ ಹಾಗೆಯೇ. ಎರಡು ವರ್ಷವಾದರೂ ಹುಡುಗನಿಗೆ ಆಪ್ತನೆನ್ನುವ ಒಬ್ಬ ಗೆಳೆಯನಿಲ್ಲ. ಮಧ್ಯಾಹ್ನ ಕಾರಿನೊಳಗೆ ಒಬ್ಬನೇ ಕುಳಿತು ಬುತ್ತಿ ಉಣ್ಣುತ್ತಾನೆ. ಈಗ ಕೆಲವು ಮುಸ್ಲಿಮ್ ಹುಡುಗರು ಅಲ್ಲಿ ಫ್ರಾಟರ್ನಿಟಿಯೊಂದನ್ನು ಆರಂಭಿಸಲು ಹೊರಟು ಅವನನ್ನೂ ಕರೆದಿದ್ದಾರೆ. "ಬೇಡವೆನ್ನಲೇ?" ಎಂಬುದು ತಂದೆಯ ಪ್ರಶ್ನೆ.

ಲ್ಯಾಟಿನ್ ಭಾಷೆಯಲ್ಲಿ ಫ್ರಾಟರ್ ಎಂದರೆ ಸಹೋದರ, ಸೊರೊರ್ ಎಂದರೆ ಸಹೋದರಿ. ಹುಡುಗರದು ಫ್ರಾಟರ್ನಿಟಿ, ಹುಡುಗಿಯರದು ಸೊರೊರಿಟಿ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾದಿಂದ ಇಂತಹ ಸಂಘಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಡುವ ರೂಢಿ ಬಂತು. ಚಂದಾ, ಗುಟ್ಟಿನ ವಿಧಿಗಳು, ಹಲವೆಡೆ ಸ್ವಂತ ಮನೆ. ಹೊಸಬರನ್ನು ಕೆಲವು ದಿನ ನೋಡಿ, ಮೆಚ್ಚಿಗೆಯಾದವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮದ್ಯ ಮತ್ತು ಹೊಸಬರ ಹಿಂಸೆ ಈ ಸಂಘಗಳಿಗೆ ಅಂಟಿದ ಹಳೆಯ ಕಳಂಕ. 2017ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತರ ತರುಣನೊಬ್ಬ, ಮದ್ಯ ಕುಡಿಸಿದ ರಾತ್ರಿ ಮೆಟ್ಟಿಲಿನಿಂದ ಬಿದ್ದನು. ಸುತ್ತಲಿದ್ದ "ಸಹೋದರರು" ಮರುದಿನ ಬೆಳಗಿನವರೆಗೂ ಆಂಬುಲೆನ್ಸ್ ಕರೆಯಲಿಲ್ಲ. ಹುಡುಗ ಉಳಿಯಲಿಲ್ಲ.

ಆದರೆ ಅದೊಂದೇ ಕಥೆಯಲ್ಲ. 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕರಿಯ ವಿದ್ಯಾರ್ಥಿಗಳು, ತಮ್ಮನ್ನು ಹೊರಗಿಟ್ಟ ಬಿಳಿಯರ ನಡುವೆ ಪರಸ್ಪರ ಆಸರೆಯಾಗಲು ಆಲ್ಫಾ ಫೈ ಆಲ್ಫಾವನ್ನು ಕಟ್ಟಿಕೊಂಡರು. ಬಹುಕಾಲ ಮನೆಯಿಂದ ಬಂದು ಹೋಗುವವರ ಕಾಲೇಜೆಂದೇ ಹೆಸರಾಗಿದ್ದ, ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಮುಸ್ಲಿಮ್ ಹುಡುಗರ ಆಲ್ಫಾ ಲ್ಯಾಂಬ್ಡಾ ಮ್ಯೂ ಆರಂಭವಾಯಿತು. ಅಲಿಫ್ ಲಾಮ್ ಮೀಮ್ ಎಂಬುದರ ಗ್ರೀಕ್ ರೂಪವದು. ಅಲ್ಲಿ ಮದ್ಯಕ್ಕೆ ಜಾಗವಿಲ್ಲ. 2016ರಲ್ಲಿ ಅದೇ ಕಡೆ ಹುಡುಗಿಯರಿಗಾಗಿ ಮ್ಯೂ ಡೆಲ್ಟಾ ಆಲ್ಫಾ ಬಂತು. ಹೆಣ್ಣುಮಗಳು ಬೇಗನೆ ಮನೆಗೆ ಬಂದರೆ ನಮಗೆ ನೆಮ್ಮದಿ. ಆಕೆ ದಿನವಿಡೀ ಯಾರೊಡನೆ ಮಾತಾಡಿದಳೆಂದು ಕೇಳುವವರು ಕಡಿಮೆ.

ಅನ್ಯರ ಅನುಕರಣೆಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಅಕ್ಷರಕ್ಕೆ ಧರ್ಮವಿಲ್ಲ. ನಾನು ಅಲ್ಲಾಹನ ನಾಮವನ್ನು ಕನ್ನಡದಲ್ಲಿ ಬರೆಯುತ್ತಿಲ್ಲವೇ? ಮಕ್ಕಾದಲ್ಲಿ ಯಮನಿನ ವ್ಯಾಪಾರಿಯೊಬ್ಬನ ಹಣ ಮುಳುಗಿಸಲ್ಪಟ್ಟಾಗ ಕೆಲವು ಗೋತ್ರಗಳು ಮರ್ದಿತನ ಪರವಾಗಿ ನಿಲ್ಲುವುದಾಗಿ ಒಪ್ಪಂದ ಮಾಡಿಕೊಂಡವು. ಹಿಲ್ಫುಲ್ ಫುಝೂಲ್ ಎಂದು ಅದರ ಹೆಸರು. ಪ್ರವಾದಿತ್ವಕ್ಕೆ ಮುಂಚೆ ಅದರಲ್ಲಿ ಭಾಗಿಯಾಗಿದ್ದ ಪ್ರವಾದಿವರ್ಯರು(ಸ), ಇಸ್ಲಾಮಿನ ಕಾಲದಲ್ಲಿ ಕರೆದರೂ ಓಗೊಡುವೆನೆಂದಿದ್ದರು. ಆದುದರಿಂದ ಸಂಘ ಕಟ್ಟುವುದೇ ತಪ್ಪೆಂದು ನಾನು ಹೇಳಲಾರೆ.

ನನ್ನನ್ನು ತಡೆಯುವುದು ಬೇರೊಂದು ಸಂಗತಿ. ಸಹೋದರನನ್ನು ಆರಿಸಿಕೊಳ್ಳಬಹುದೇ? ಗೆಳೆಯನನ್ನು ಆರಿಸಬಹುದು, ಆರಿಸಲೂ ಬೇಕು. ಸಹೋದರನಾದರೋ ನಮ್ಮ ಮೆಚ್ಚಿಗೆ ಕೇಳದೆ ಬರುವವನು. ಸತ್ಯವಿಶ್ವಾಸಿಗಳು ಪರಸ್ಪರ ಸಹೋದರರೆಂದು ಪವಿತ್ರ ಕುರ್‌ಆನ್ ಸಾರುವಾಗ (49:10) ಅಲ್ಲಿ ಯಾರ ಸಂದರ್ಶನವೂ ನಡೆದಿಲ್ಲ. ಮದೀನಾದಲ್ಲಿ ಪ್ರವಾದಿವರ್ಯರು(ಸ) ಸಹೋದರರನ್ನಾಗಿ ಜೋಡಿಸಿದವರಲ್ಲಿ ಸಲ್ಮಾನ್(ರ) ಪರ್ಶಿಯಾದಿಂದ ಬಂದು ಗುಲಾಮಗಿರಿ ಕಂಡವರು, ಅಬುದ್ದರ್ದಾ(ರ) ಮದೀನಾದವರು. ಅಭಿರುಚಿ ನೋಡಿ ಆರಿಸಿದ್ದರೆ ಇಬ್ಬರೂ ಒಂದೇ ಪಟ್ಟಿಯಲ್ಲಿ ಬರುತ್ತಿದ್ದರೇ? ಅದೇ ಸಲ್ಮಾನ್(ರ) ಒಂದು ದಿನ ಅಬುದ್ದರ್ದಾ(ರ)ರ ಮನೆಗೆ ಬಂದು, ಅವರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮಡದಿಯನ್ನು ಮರೆತಿರುವುದನ್ನು ಕಂಡು ತಿದ್ದಿದರು. ಸಲ್ಮಾನ್ ಹೇಳಿದ್ದು ಸತ್ಯವೆಂದು ಪ್ರವಾದಿವರ್ಯರು(ಸ) ಒಪ್ಪಿದರು. ನಮ್ಮಂತಹವರನ್ನೇ ಆರಿಸಿಕೊಂಡಲ್ಲಿ ಹಾಗೆ ತಿದ್ದುವವರು ಎಲ್ಲಿಂದ ಬರಬೇಕು?

ಮನೆಯಿಂದ ಬಂದು ಹೋಗುವ ವಿದ್ಯಾರ್ಥಿಯ ಸಂಕಟ ನಮ್ಮ ಪೂರ್ವಿಕರಿಗೆ ಹೊಸತಲ್ಲ. ಹಝ್ರತ್ ಉಮರ್(ರ) ವಾಸವಿದ್ದುದು ಮಸ್ಜಿದುನ್ನಬವಿಯ ಬಳಿಯಲ್ಲಲ್ಲ, ಮದೀನಾದ ಮೇಲ್ಭಾಗದ ಅವಾಲಿಯಲ್ಲಿ. ದುಡಿಮೆಯೂ ಇತ್ತು, ದಿನಾ ಬರಲಾಗುತ್ತಿರಲಿಲ್ಲ. ಅವರೂ ನೆರೆಮನೆಯ ಅನ್ಸಾರಿಯೊಬ್ಬರೂ ಸರದಿ ಮಾಡಿಕೊಂಡರು. ಒಂದು ದಿನ ಇವರು, ಒಂದು ದಿನ ಅವರು. ಹೋಗಿ ಬಂದವರು ಅಂದು ಕೇಳಿದ್ದನ್ನೆಲ್ಲ ಇನ್ನೊಬ್ಬರಿಗೆ ತಿಳಿಸಬೇಕು. ಒಮ್ಮೆ ದೊಡ್ಡ ಸುದ್ದಿಯೊಂದನ್ನು ಹೊತ್ತು ಆ ನೆರೆಯವರು ರಾತ್ರಿ ಬಂದು ಉಮರ್(ರ)ರ ಬಾಗಿಲನ್ನು ಜೋರಾಗಿ ಬಡಿದದ್ದು ಬುಖಾರಿಯಲ್ಲಿದೆ. ಆ ಜೊತೆಗಾರಿಕೆಗೆ ಚಂದಾ ಇರಲಿಲ್ಲ, ಗುಟ್ಟಿನ ವಿಧಿಯೂ ಇರಲಿಲ್ಲ. ದಾರಿ ಒಂದೇ ಆಗಿತ್ತು, ಅಷ್ಟೇ.

ಮಿತ್ರರಿಗೆ ನಾನು ಬರೆದದ್ದಿಷ್ಟು: ಮಗನಿಗೆ ಬೇಡವೆನ್ನಬೇಡಿ. ಕಾರಿನೊಳಗೆ ಕುಳಿತು ಉಣ್ಣುವ ಹುಡುಗನಿಗೆ ಬರೀ ಫತ್ವಾ ಕೊಟ್ಟು ಕಳುಹಿಸುವುದು ನ್ಯಾಯವಲ್ಲ. ಆದರೆ ಆ ಸಂಘದವರಲ್ಲಿ ಎರಡು ಪ್ರಶ್ನೆ ಕೇಳಲು ಹೇಳಿ. ಚಂದಾ ಕೊಡಲಾಗದವನು ಏನು ಮಾಡಬೇಕು? ಬಂದು, ಎಲ್ಲರೊಡನೆ ಉಂಡು, ಕೊನೆಗೆ ನಿಮಗೆ ಮೆಚ್ಚಿಗೆಯಾಗದೆ ಹೋದ ಹುಡುಗ ಮರುದಿನ ಮಧ್ಯಾಹ್ನ ಎಲ್ಲಿ ಕುಳಿತು ಉಣ್ಣಬೇಕು?

ತಂದೆ ಪತ್ರವನ್ನು ಮಗನಿಗೆ ಓದಿ ಹೇಳಿದರಂತೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತರಗತಿಯಲ್ಲಿ ಇನ್ನೊಬ್ಬ ಹುಡುಗನೂ ಹೀಗೆಯೇ ಒಬ್ಬನೇ ಕಾರಿನಲ್ಲಿ ಕುಳಿತಿರುತ್ತಾನೆ, ಅವನ ಹೆಸರೇನೆಂದು ತಾನು ಇದುವರೆಗೆ ಕೇಳಿಲ್ಲ ಎಂದನಂತೆ.