ರಕ್ತವೂ ಒಂದು ಅಮಾನತ್ತು

ಸಂತೆಮರಹಳ್ಳಿಗೆ ಸಮೀಪದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡುಗೋಲು ಕಣ ರೋಗ ಕಂಡುಬಂದಿದೆ. ಅದರ ನಿರ್ಮೂಲನೆಗೆಂದು ಕೇಂದ್ರ ಸರಕಾರವು 2023ರ ಜುಲೈಯಲ್ಲಿ ಅಭಿಯಾನ ಆರಂಭಿಸಿತು. ಅದು ಕಾಡಿನವರ ಕಾಯಿಲೆ, ನಮಗೇನು ಎನ್ನುವಂತಿಲ್ಲ. ಅದೇ ರೀತಿ ವಂಶದಲ್ಲಿ ಹರಿಯುವ ಥಲಸೇಮಿಯಾ ಯಾರ ಮನೆಯಲ್ಲೂ ಅಡಗಿರಬಹುದು. ಸಂಬಂಧದೊಳಗಿನ ಮದುವೆಯಲ್ಲಿ ಒಂದೇ ಅಜ್ಜನ ರಕ್ತದೋಷ ವಧೂವರರಿಬ್ಬರಿಗೂ ಬಂದಿರುವ ಸಂಭವ ಹೆಚ್ಚು.

ವಾಹಕರು ರೋಗಿಗಳಲ್ಲ. ಆದರೆ ಪತಿಪತ್ನಿ ಇಬ್ಬರೂ ವಾಹಕರಾದರೆ, ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಂಭವ ಶೇ. 25.

ಎಲ್ಲವೂ ವಿಧಿ, ಪರೀಕ್ಷೆಯೇಕೆ ಎನ್ನುವವರಿದ್ದಾರೆ. ಪ್ಲೇಗು ಹಬ್ಬಿದ್ದ ಸಿರಿಯಾಕ್ಕೆ ಹೋಗದೆ ಹ. ಉಮರ್(ರ) ಹಿಂದಿರುಗಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂಬುದು ಅವರ ಉತ್ತರದ ಸಾರ. ಸೌದಿ ಅರೇಬಿಯವು 2004ರಲ್ಲಿ ವಿವಾಹಪೂರ್ವ ರಕ್ತಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಮದುವೆಯ ನಿರ್ಧಾರವನ್ನು ಮಾತ್ರ ವಧೂವರರಿಗೇ ಬಿಟ್ಟಿತು.

ನಮ್ಮ ನಿಜವಾದ ಭಯ ಬೇರೆ. ವಾಹಕಳೆಂದು ತಿಳಿದರೆ ಹುಡುಗಿಗೆ ಸಂಬಂಧ ಕೂಡೀತೇ? ಆದ್ದರಿಂದ ಹುಡುಗಿಯನ್ನು ಮಾತ್ರ ಪರೀಕ್ಷೆಗೆ ಕಳುಹಿಸುವುದು ಅನ್ಯಾಯ, ಹುಡುಗನೂ ಹೋಗಲಿ. ಫಲಿತಾಂಶವು ಅಮಾನತ್ತು. ನಿಕಾಹ್ ಆಗಲಿರುವವರಿಂದ ಅದನ್ನು ಮುಚ್ಚಿಟ್ಟರೆ ವಂಚನೆ, ಊರಿಗೆಲ್ಲ ಸಾರಿದರೆ ಪರದೂಷಣೆ.

ಈಗಾಗಲೇ ರೋಗದೊಂದಿಗೆ ಹುಟ್ಟಿದ ಮಗುವೋ? ಅದು ಯಾರ ಪಾಪದ ಫಲವೂ ಅಲ್ಲ. ತಾಯಿಯನ್ನು ದೂರುವ ನಾಲಗೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕಾದೀತು.