ಸಮಿತಿಯೂ ಸಭೆಯೂ: ಶ್ರಾವಕನ ಕಾಲಸಂಯಮ

‘ಸಮಿತಿ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಇಂದು ನಮ್ಮ ಕಣ್ಣ ಮುಂದೆ ನಿಲ್ಲುವುದು ಬಸದಿಯ ಆಡಳಿತ ಸಮಿತಿ, ಮಾರುಕಟ್ಟೆ ಸಮಿತಿ, ಉತ್ಸವ ಸಮಿತಿಗಳು. ಅಂದರೆ ನೋಟೀಸು, ಕುರ್ಚಿ, ಚಹಾ ಮತ್ತು ಠರಾವು. ಜಿನಾಗಮದಲ್ಲಿ ಇದೇ ಶಬ್ದದ ಅರ್ಥ ಬೇರೆ. ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ, ಉತ್ಸರ್ಗ ಎಂಬ ಐದು ಸಮಿತಿಗಳು ಎಚ್ಚರದಿಂದ ಕೂಡಿದ ಪ್ರವೃತ್ತಿಯನ್ನು ಹೇಳುತ್ತವೆ. ಮನಸ್ಸು, ಮಾತು, ಕಾಯಗಳ ಮೂರು ಗುಪ್ತಿಗಳು ನಿವೃತ್ತಿಯನ್ನು ಬೋಧಿಸುತ್ತವೆ. ಸಮಿತಿಯ ಜೊತೆಗೆ ಗುಪ್ತಿಯನ್ನೂ ಇರಿಸಿದ ಆಚಾರ್ಯರ ದೃಷ್ಟಿ ಗಮನಾರ್ಹವಾದುದು. ಹೇಗೆ ನಡೆಯಬೇಕೆಂಬುದನ್ನು ಅರಿತರೆ ಸಾಲದು, ಯಾವಾಗ ನಡೆಯದೆ ನಿಲ್ಲಬೇಕೆಂಬುದನ್ನೂ ಅರಿಯಬೇಕು.

ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ, ಸವಣೂರುಗಳಂತಹ ಊರುಗಳಲ್ಲಿ ಸಾರ್ವಜನಿಕ ಕಾರ್ಯಕ್ಕೆ ಮುಂದಾಗುವವರು ಕೆಲವರೇ. ಬಸದಿಯ ಟ್ರಸ್ಟು, ಶಾಲೆ, ಸಹಕಾರ ಸಂಘ, ವರ್ತಕರ ಸಂಘ ಎಲ್ಲಕ್ಕೂ ಅವರಿಗೇ ಕರೆ ಬರುತ್ತದೆ. ಸಭೆಗಳಲ್ಲಿ ಅವಶ್ಯವಾದವು ಉಂಟು. ವರ್ಷದ ಲೆಕ್ಕಪತ್ರದ ಸಭೆ, ಕಲಹ ಪರಿಹಾರದ ಸಭೆ, ಕಷ್ಟದಲ್ಲಿರುವ ಕುಟುಂಬಕ್ಕೆ ನೆರವು ನಿರ್ಣಯಿಸುವ ಸಭೆ ಇವುಗಳಿಂದ ತಪ್ಪಿಸಿಕೊಳ್ಳುವುದು ಧರ್ಮವಲ್ಲ. ಆದರೆ ವಿಷಯಸೂಚಿಯಿಲ್ಲದೆ ಕೂಡಿ, ಹಿಂದಿನ ಸಭೆಯ ಮಾತನ್ನೇ ಮತ್ತೆ ಆಡಿ, ಮುಂದಿನ ಸಭೆಯ ದಿನಾಂಕವನ್ನಷ್ಟೇ ನಿಶ್ಚಯಿಸಿ ಏಳುವ ಕೂಟಗಳ ಗತಿಯೇನು?

ವ್ಯಾಪಾರಿಗೆ ಲೆಕ್ಕದ ಭಾಷೆ ಸುಲಭ. 48 ನಿಮಿಷಕ್ಕೆ ಒಂದು ಮುಹೂರ್ತ, 30 ಮುಹೂರ್ತಕ್ಕೆ ಒಂದು ಅಹೋರಾತ್ರಿ. ಹನ್ನೆರಡು ಜನ ಎರಡು ತಾಸು ವ್ಯರ್ಥವಾಗಿ ಕುಳಿತರೆ ಇಪ್ಪತ್ತನಾಲ್ಕು ತಾಸು, ಅಂದರೆ ಒಂದು ಪೂರ್ಣ ಅಹೋರಾತ್ರಿಯ ಮನುಷ್ಯಾಯುಷ್ಯ ಖರ್ಚಾಯಿತು. ಅಂಗಡಿಯ ಕಿರ್ದಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿಯಿಡೀ ಹುಡುಕುವ ನಾವು ಈ ಖರ್ಚನ್ನು ಯಾವ ಖಾತೆಗೂ ಹಾಕುವುದಿಲ್ಲ. ಆ ಸಭೆಯಲ್ಲಿದ್ದ ಕಾರ್ಯದರ್ಶಿಯ ಮೇಜಿನ ಮೇಲೆ ಬಡ ವಿದ್ಯಾರ್ಥಿನಿಯೊಬ್ಬಳ ಸಹಾಯಧನದ ಅರ್ಜಿ ಹಾಗೆಯೇ ಉಳಿದಿದ್ದರೆ, ಆ ನಷ್ಟವನ್ನು ತೆತ್ತವರು ಸಭಿಕರಲ್ಲ, ಅವಳು.

ಶ್ರಾವಕನ ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದು. ಪ್ರಯೋಜನವಿಲ್ಲದ ಪಾಪಪ್ರವೃತ್ತಿಯಿಂದ ದೂರವಿರುವುದೇ ಅದರ ತಿರುಳು. ಪ್ರಮಾದಚರ್ಯೆಯನ್ನು ಅನರ್ಥದಂಡದ ಭೇದಗಳಲ್ಲಿಯೂ, ಮೌಖರ್ಯವನ್ನು, ಅಂದರೆ ಅತಿಯಾದ ಬಾಯ್ಮಾತನ್ನು, ಈ ವ್ರತದ ಅತಿಚಾರಗಳಲ್ಲಿಯೂ ಎಣಿಸಿದ್ದಾರೆ. ನಿಷ್ಫಲ ಸಭೆಯಲ್ಲಿ ಇವೆರಡೂ ಸೇರುತ್ತವೆ. ಅದು ಸಂಜೆಯದಾದರಂತೂ ದೀಪಕ್ಕೆ ಮುತ್ತುವ ಹುಳುಗಳ ಹಿಂಸೆಯೂ, ಹೊತ್ತು ಮುಳುಗಿದ ಮೇಲಿನ ಉಪಾಹಾರದ ದೋಷವೂ ಕೂಡಿಕೊಳ್ಳುತ್ತವೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: “ಅನೇಕಾಂತವನ್ನು ನಂಬಿದವರು ಎಲ್ಲರ ಮಾತನ್ನೂ ಕೇಳಬೇಡವೇ?” ಕೇಳಬೇಕು. ಆದರೆ ಅನೇಕಾಂತವು ಭಿನ್ನ ನಯಗಳನ್ನು ಗೌರವಿಸುತ್ತದೆಯೇ ಹೊರತು ಒಂದೇ ನಯದ ಪುನರುಕ್ತಿಯನ್ನಲ್ಲ. ಏಳು ಭಂಗಗಳಿಗೂ ಒಂದು ಎಣಿಕೆಯುಂಟು. ನಮ್ಮ ಸಭೆಗಳಿಗೆ ಆ ಎಣಿಕೆಯೂ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕವುಳ್ಳದ್ದು. ಬರಲಾರೆನೆನ್ನುವುದು ಮಾನಕಷಾಯವಾಗಲಾರದೇ? ಆಗಬಹುದು. “ನನ್ನ ಸಮಯ ನಿಮ್ಮದಕ್ಕಿಂತ ಬೆಲೆಯುಳ್ಳದ್ದು” ಎಂಬ ಭಾವವಿದ್ದರೆ ಆ ನಿರಾಕರಣೆ ದೋಷಯುಕ್ತವೇ ಸರಿ. ಬಿಟ್ಟ ಸಭೆಯ ವೇಳೆಯನ್ನು ಯಾವುದಕ್ಕೆ ಕೊಟ್ಟೆವೆಂಬುದೇ ಇದಕ್ಕೆ ಒರೆಗಲ್ಲು. ಕೈಗೊಂಡ ಕಾರ್ಯಕ್ಕೋ ಸ್ವಾಧ್ಯಾಯಕ್ಕೋ ಕೊಟ್ಟಿದ್ದರೆ ಅದು ಸಂಯಮ, ಆಲಸ್ಯಕ್ಕೆ ಕೊಟ್ಟಿದ್ದರೆ ಕೇವಲ ನೆಪ.

ನಿರಾಕರಿಸುವ ರೀತಿಯೂ ಮುಖ್ಯ. ಸಂಕೋಚದಿಂದ “ಮೈ ಸರಿಯಿಲ್ಲ”, “ಊರಲ್ಲಿರುವುದಿಲ್ಲ” ಎಂದು ಹೇಳಿ ತಪ್ಪಿಸಿಕೊಳ್ಳುವುದು ಲೋಕರೂಢಿ. ಅದು ಸತ್ಯಾಣುವ್ರತಕ್ಕೆ ಕುಂದು. ಭಾಷಾಸಮಿತಿ ಬೇಡುವುದು ಹಿತವೂ ಮಿತವೂ ಆದ ಮಾತನ್ನು. “ಆ ವೇಳೆಯನ್ನು ಲೆಕ್ಕಪತ್ರದ ಕೆಲಸಕ್ಕೆ ಮೀಸಲಿಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಬರೆದು ಕಳುಹಿಸಿದ್ದೇನೆ, ನಿಮ್ಮ ನಿರ್ಣಯಕ್ಕೆ ಬದ್ಧನಾಗಿರುತ್ತೇನೆ” ಎಂದರೆ ಸಾಕು. ಇದರಲ್ಲಿ ಸುಳ್ಳಿಲ್ಲ, ತಿರಸ್ಕಾರವಿಲ್ಲ, ಹೊಣೆಗೇಡಿತನವೂ ಇಲ್ಲ. ಬಾರದೆ ಉಳಿದವನು ನಿರ್ಣಯವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಅದನ್ನು ಹಳಿಯಲಾಗದು ಎಂಬುದೂ ಈ ಮಾತಿನಲ್ಲಿ ಅಡಗಿದೆ.

ಏಕಾಗ್ರತೆಯ ಫಲವನ್ನು ಕಾಣಲು ನಾವು ದೂರ ಹೋಗಬೇಕಿಲ್ಲ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಧವಲಾ ಟೀಕೆಯನ್ನು ಮುಗಿಸಿ ಜಯಧವಲೆಯ 20,000 ಶ್ಲೋಕಪ್ರಮಾಣವನ್ನು ಬರೆದರು. ಶಿಷ್ಯರಾದ ಜಿನಸೇನರು ಉಳಿದ 40,000ವನ್ನು ಬರೆದು 837ರಲ್ಲಿ ಪೂರ್ಣಗೊಳಿಸಿದರು. ಜಿನಸೇನರ ಆದಿಪುರಾಣ ಅಪೂರ್ಣವಾಗಿ ಉಳಿದಾಗ ಅವರ ಶಿಷ್ಯರಾದ ಗುಣಭದ್ರರು ಅದನ್ನು ಮುಗಿಸಿ ಉತ್ತರಪುರಾಣವನ್ನು ರಚಿಸಿದರು. ಆ ಗ್ರಂಥಕ್ಕೆ ಶಕ 820ರಲ್ಲಿ, ಅಂದರೆ ಕ್ರಿ.ಶ. 897–98ರಲ್ಲಿ, ನಮ್ಮ ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿಯೇ ಪೂಜೆ ಸಂದಿತು. ಜಿನಸೇನರು ಸಾಮ್ರಾಟ ಅಮೋಘವರ್ಷನಿಗೆ ಗುರುಗಳು. ಕರೆಯುವವರಿಗೇನೂ ಕೊರತೆಯಿರಲಿಲ್ಲ. ಆದರೂ ಮೂರು ತಲೆಮಾರು ಹರಿದುಹೋಗದ ಈ ಜ್ಞಾನದ ನೂಲು ಗೋಷ್ಠಿಗಳ ನಡುವಿನ ಚೂರುಪಾರು ವೇಳೆಯಲ್ಲಿ ನೂತದ್ದಾಗಿರಲಾರದು. ಸ್ವಾಧ್ಯಾಯಕ್ಕೆ ಹೊತ್ತು, ವರ್ಷಾಯೋಗಕ್ಕೆ ಒಂದೇ ನೆಲೆ ಎಂಬ ಮುನಿಧರ್ಮದ ಕಟ್ಟಳೆಯೇ ಅವರ ಸಮಯಕ್ಕೆ ಬೇಲಿಯಾಗಿತ್ತು.

ಗೃಹಸ್ಥನಿಗೂ ಅಂತಹ ಬೇಲಿಯುಂಟು, ಅದೇ ದೇಶವ್ರತ. ಇಷ್ಟು ಕಾಲ ಈ ಮೇರೆಯನ್ನು ದಾಟೆನೆಂಬ ನಿಯಮವದು. ಮೇರೆಯೊಳಗೆ ಕುಳಿತೇ ಹೊರಗಿನವರಿಗೆ ದನಿಗೊಡುವುದನ್ನು ಶಬ್ದಾನುಪಾತವೆಂದು ಅದರ ಅತಿಚಾರಗಳಲ್ಲಿ ಎಣಿಸಿದ್ದಾರೆ. ಮೊಬೈಲು ಕೈಯಲ್ಲಿರುವ ನಮಗೆ ಈ ಎಚ್ಚರಿಕೆ ಹಿಂದಿನವರಿಗಿಂತ ಹೆಚ್ಚು ಅನ್ವಯಿಸುತ್ತದೆ.

ಟ್ರಸ್ಟುಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ: ವಿಷಯಸೂಚಿಯಿಲ್ಲದೆ ಸಭೆಯನ್ನು ಕರೆಯದಿರೋಣ. ಸೂರ್ಯಾಸ್ತಕ್ಕೆ ಮೊದಲು ಮುಗಿಸೋಣ. ಪತ್ರದಿಂದ ಆಗುವುದನ್ನು ಪತ್ರಕ್ಕೇ ಬಿಡೋಣ. ವಿನಯದಿಂದ ಬರಲಾರೆನೆಂದವನನ್ನು ಸಮಾಜದ್ರೋಹಿಯೆಂದು ಬಗೆಯದಿರೋಣ. ಒಂದು ಸಾಮಾಯಿಕಕ್ಕೆ ಬೇಕಾದುದು ಎರಡೇ ಘಳಿಗೆ. ಅದಕ್ಕೂ ಬಿಡುವಿಲ್ಲವೆನ್ನುವ ನಾವು ಬಿಡುವನ್ನು ಎಲ್ಲಿ ಕಳೆದುಕೊಂಡೆವೆಂಬುದನ್ನು ಒಮ್ಮೆ ಲೆಕ್ಕ ಹಾಕುವುದು ಶ್ರೇಯಸ್ಕರ.