ಗೋಡೆಯಿಂದ ಇಳಿಸಿದ್ದು, ಮಕ್ಕಳ ಕೈಗೆ ಕೊಟ್ಟದ್ದು

ಡಿ.ಎಡ್., ಬಿ.ಎಡ್. ಮುಗಿಸಿದ ಹಳೆಯ ತಲೆಮಾರಿನ ಮೇಷ್ಟ್ರುಗಳಿಗೆ ಫ್ಲಾನಲ್ ಬೋರ್ಡ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಹಲಗೆಗೆ ಜುಂಗಿರುವ ಬಟ್ಟೆ ಬಿಗಿದು, ಕಾಗದದ ಚಿತ್ರದ ಬೆನ್ನಿಗೆ ಉಪ್ಪುಕಾಗದದ ತುಂಡು ಅಂಟಿಸಿ ಒತ್ತಿದರೆ ಚಿತ್ರ ಅಲ್ಲೇ ನಿಲ್ಲುತ್ತದೆ. ಕಿತ್ತು ಬೇರೆ ಕಡೆ ಇಟ್ಟರೆ ಅಲ್ಲೂ ನಿಲ್ಲುತ್ತದೆ. ಹಲಗೆಯನ್ನು ತುಸು ಹಿಂದಕ್ಕೆ ವಾಲಿಸಿ ಇಡಬೇಕು. ನೆಟ್ಟಗೆ ನಿಲ್ಲಿಸಿದರೆ ಪಾಠದ ನಡುವೆಯೇ ಚಿತ್ರಗಳು ಒಂದೊಂದಾಗಿ ಉದುರುತ್ತವೆ. 20ನೇ ಶತಮಾನದ ಮಧ್ಯದ ದಶಕಗಳಲ್ಲಿ ಅಮೆರಿಕ, ಬ್ರಿಟನ್‌ಗಳ ಪ್ರೊಟೆಸ್ಟೆಂಟ್ ಸಂಡೇ ಸ್ಕೂಲುಗಳಲ್ಲಿ ಇಂಥ ಹಲಗೆ ತೀರ ಸಾಮಾನ್ಯವಾಗಿತ್ತು. ದಾವೀದನ ಕವಣೆ, ಮರ ಹತ್ತಿ ಕೂತ ಜಕ್ಕಾಯ, ಬಿರುಗಾಳಿಗೆ ಸಿಕ್ಕ ದೋಣಿ ಎಲ್ಲವೂ ಆ ಬಟ್ಟೆಯ ಮೇಲೆ ಓಡಾಡಿದವು. ಇಂದು ಮನೆಮನೆಯಲ್ಲಿ ತಾಯಂದಿರೂ ಸಂಡೇ ಸ್ಕೂಲಿನ ಟೀಚರುಗಳೂ ಫೆಲ್ಟ್ ಕತ್ತರಿಸಿ ಮಾಡುವ ಗೋದಲಿ, ಕುರಿಮಂದೆ, ನಾವೆಗಳೆಲ್ಲ ಆ ಹಲಗೆಯ ಸಂತಾನವೇ.

ಇದರಲ್ಲಿ ಒಂದು ಸೋಜಿಗವಿದೆ. ಮಕ್ಕಳ ಕೋಣೆಯಲ್ಲಿ ಇಷ್ಟು ಉತ್ಸಾಹದಿಂದ ಚಿತ್ರ ಅಂಟಿಸಿದ ಈ ಸಭೆಗಳಲ್ಲಿ ಬಹಳಷ್ಟರ ಪೂರ್ವಿಕರು ಚರ್ಚಿನ ಗೋಡೆಗಳಿಂದ ಚಿತ್ರಗಳನ್ನು ಕಿತ್ತುಹಾಕಿದವರು. 1524ರಲ್ಲಿ ಜ್ಯೂರಿಕ್ ನಗರ, ಸುಧಾರಕ ಜ್ವಿಂಗ್ಲಿಯ ಬೋಧನೆಗೆ ಓಗೊಟ್ಟು, ತನ್ನ ಚರ್ಚುಗಳಿಂದ ವಿಗ್ರಹ, ಚಿತ್ರಗಳನ್ನು ತೆಗೆಸಿತು. 1529ರ ಫೆಬ್ರವರಿಯಲ್ಲಿ ಬಾಸೆಲ್ ಪಟ್ಟಣದ ಜನ ತಮ್ಮ ಮಹಾದೇವಾಲಯಕ್ಕೇ ನುಗ್ಗಿ ಸಂತರ ಮೂರ್ತಿಗಳನ್ನು ಒಡೆದು ಸುಟ್ಟರು; ಅಲ್ಲಿ ನೆಲೆಸಿದ್ದ ಮಹಾವಿದ್ವಾಂಸ ಎರಾಸ್ಮಸ್ ಏಪ್ರಿಲ್‌ನಲ್ಲಿ ಊರನ್ನೇ ಬಿಟ್ಟು ಹೋದ. ಆದರೆ ಆ 1529ರಲ್ಲೇ, ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ತನ್ನ ಪುಟ್ಟ ಪ್ರಾರ್ಥನಾ ಪುಸ್ತಕಕ್ಕೆ ಸುಮಾರು 50 ಮರದಚ್ಚಿನ ಚಿತ್ರಗಳನ್ನು ಸೇರಿಸಿದ. ಯಾರಿಗಾಗಿ? ಮಕ್ಕಳಿಗಾಗಿ, ಸರಳ ಜನರಿಗಾಗಿ ಎಂದು ಅವನೇ ಹೇಳಿದ್ದಾನೆ.

ಗೋಡೆಯಿಂದ ಇಳಿಸಿದ್ದನ್ನು ಮಕ್ಕಳ ಕೈಗೆ ಕೊಡಬಹುದಾದರೆ, ಅದನ್ನು ಇಳಿಸಿದ್ದೇಕೆ? ಅಥವಾ ಇಳಿಸಿದ್ದು ಸರಿಯಾಗಿದ್ದರೆ, ಮಕ್ಕಳಿಗೆ ಮಾತ್ರ ಕೊಡುವುದು ಯಾವ ನ್ಯಾಯ? ಸಾಕಾರವೋ ನಿರಾಕಾರವೋ ಎಂಬ ವಾದ ಕನ್ನಡದ ಓದುಗರಿಗೆ ಹೊಸದೇನಲ್ಲ. ಕ್ರೈಸ್ತರಲ್ಲಿ ಅದು ನಡೆದ ದಾರಿ ಮಾತ್ರ ಬೇರೆ.

ಕ್ರಿ.ಶ. 600ರ ಸುಮಾರಿಗೆ ಮಾರ್ಸೇಲ್ಸ್‌ನ ಬಿಷಪ್ ಸೆರೇನಸ್ ತನ್ನ ಚರ್ಚಿನ ಚಿತ್ರಗಳನ್ನು ಒಡೆಸಿದಾಗ ಪೋಪ್ ಮಹಾ ಗ್ರೆಗೊರಿ ಅವನಿಗೆ ಪತ್ರ ಬರೆದು ಗದರಿದರು. ಚಿತ್ರವನ್ನು ಪೂಜಿಸಬಾರದೆಂದದ್ದು ಸರಿ, ಒಡೆದದ್ದು ತಪ್ಪು. ಓದಲು ಬಾರದವರು ಗೋಡೆ ನೋಡಿಯಾದರೂ ತಿಳಿದುಕೊಳ್ಳಲಿ ಎಂಬುದು ಅವರ ನಿಲುವು. ಸಂಡೇ ಸ್ಕೂಲುಗಳು, ತಮಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ, ಈ ಪತ್ರದ ದಾರಿಯಲ್ಲೇ ನಡೆದಿವೆ. ಓದು ಬರುವ ತನಕ ಚಿತ್ರ, ಬಂದ ಮೇಲೆ ಪುಸ್ತಕ. ಈ ವಾದಕ್ಕೆ ವಿನಯವಿದೆ, ಆಳ ಸಾಲದು. ಇದರ ಪ್ರಕಾರ ಫೆಲ್ಟಿನ ಕುರಿ ತಾತ್ಕಾಲಿಕ ಅನುಕೂಲ, ಮಗು ಬೆಳೆದಂತೆ ಅಟ್ಟ ಸೇರಬೇಕಾದ ವಸ್ತು.

8ನೇ ಶತಮಾನದಲ್ಲಿ ದೇವತಾಶಾಸ್ತ್ರಜ್ಞ ದಮಸ್ಕದ ಯೋಹಾನ ಹಿಡಿದ ದಾರಿ ಇದಕ್ಕಿಂತ ದಿಟ್ಟವಾದದ್ದು. ದೇವರು ಮನುಷ್ಯನಾಗಿ ಹುಟ್ಟಿದನೆಂದು ನಂಬಿದ ಮೇಲೆ ಜಡವಸ್ತುವನ್ನು ಕೀಳೆನ್ನಲು ಸಾಧ್ಯವಿಲ್ಲ; ತಾನು ಪೂಜಿಸುವುದು ವಸ್ತುವನ್ನಲ್ಲ, ತನಗಾಗಿ ವಸ್ತುವಾದ ಸೃಷ್ಟಿಕರ್ತನನ್ನು ಎಂದು ಆತ ವಾದಿಸಿದ. 787ರ ಎರಡನೇ ನೈಸಿಯಾ ಮಹಾಸಭೆ ಚಿತ್ರಗಳಿಗೆ ಗೌರವ ಸಲ್ಲಬಹುದು, ಆರಾಧನೆ ಸಲ್ಲದು ಎಂದು ತೀರ್ಮಾನಿಸಿದಾಗ ಅದರ ಹಿಂದೆ ಈ ಬಗೆಯ ಚಿಂತನೆಯ ಬಲವಿತ್ತು. ಈ ನೋಟದಲ್ಲಿ ಬಟ್ಟೆ, ಮರ, ಬಣ್ಣಗಳು ಓದು ಬಾರದವರ ಊರುಗೋಲಲ್ಲ. ಮುಟ್ಟಿ ತಿಳಿಯುವುದು ನಂಬಿಕೆಯ ಒಳಗಿನದೇ ಒಂದು ಕೆಲಸ.

ಬೈಬಲ್ಲಿನಲ್ಲೇ ಇದಕ್ಕೆ ಆಧಾರವಿದೆ, ಅದನ್ನು ನೆನೆಯುವವರು ಕಡಿಮೆ. ವಿಮೋಚನಕಾಂಡದ 20ನೇ ಅಧ್ಯಾಯ ವಿಗ್ರಹ ಬೇಡವೆನ್ನುತ್ತದೆ. ಅದೇ ಪುಸ್ತಕದ 35ನೇ ಅಧ್ಯಾಯಕ್ಕೆ ಬಂದರೆ ಬೆಚಲೇಲನೆಂಬ ಕುಶಲಕರ್ಮಿ ಕಾಣುತ್ತಾನೆ. ಅವನಲ್ಲಿ ದೇವರಾತ್ಮ ತುಂಬಿದ್ದು ಪ್ರವಾದನೆ ನುಡಿಯಲೆಂದಲ್ಲ, ಕಲ್ಲು, ಮರ, ಲೋಹಗಳಲ್ಲಿ ಕೆಲಸ ಮಾಡಲೆಂದು. ಅವನ ಜೊತೆಗಾರ ಒಹೊಲೀಯಾಬನಿಗೆ ನೇಯ್ಗೆ, ಕಸೂತಿಗಳ ಜಾಣ್ಮೆ. ಹೆಂಗಸರು ಆಡಿನ ಕೂದಲು ನೂಲುತ್ತಾರೆ. ಇಬ್ಬರು ಕರ್ಮಿಗಳಿಗೂ ದೊರೆತ ಇನ್ನೊಂದು ವರ, ಬೇರೆಯವರಿಗೆ ಕಲಿಸುವ ಸಾಮರ್ಥ್ಯ. ಕೈಕೆಲಸ, ಬೋಧನೆ ಎರಡೂ ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ.

ಫೆಲ್ಟ್ ಈ ಕೆಲಸಕ್ಕೆ ಒದಗಿದ್ದು ಸುಮ್ಮನೆ ಅಲ್ಲ. ಅದು ನೇಯ್ದ ಬಟ್ಟೆಯಲ್ಲ, ಹಾಸಿಲ್ಲ, ಹೊಕ್ಕಿಲ್ಲ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿನೀರು ಚಿಮುಕಿಸಿ, ಒತ್ತಿ, ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಾಗುತ್ತವೆ. ಕಾಶ್ಮೀರದ ನಮ್ದಾ ಹಾಸುಗಳು ಹೀಗೇ ಆಗುವಂಥವು. ಎಳೆ ಬಿಚ್ಚಲು ನೇಯ್ಗೆಯೇ ಇಲ್ಲವಾದ್ದರಿಂದ ಕತ್ತರಿಸಿದ ಅಂಚು ಹರಿಯುವುದಿಲ್ಲ, ಮಡಚಿ ಹೊಲಿಯಬೇಕಾಗಿಲ್ಲ. ಐದು ವರ್ಷದ ಮಗು ಮೊಂಡು ಕತ್ತರಿಯಲ್ಲಿ ಸೊಟ್ಟಗೆ ಕತ್ತರಿಸಿದರೂ ಅದು ಕುರಿಯೇ. ಅಂಗಡಿಯ ಅಗ್ಗದ ಹಾಳೆಗಳಲ್ಲಿ ಹೆಚ್ಚಿನವು ಈಗ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಕೈಗೆ ತುಸು ಜಾರುತ್ತವೆ, ಕೆಲಸಕ್ಕೆ ಅಡ್ಡಿಯಿಲ್ಲ.

ಈ ಹಾಳೆಯಿಂದ ಏನು ಮಾಡಬಹುದೆಂಬುದನ್ನು ಅತ್ಯಂತ ಗಂಭೀರವಾಗಿ ಯೋಚಿಸಿದವರು ಮಾಂಟೆಸ್ಸರಿ ಪರಂಪರೆಯವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲೇ ಉಳಿದು ಕೊಡೈಕೆನಾಲ್‌ನಲ್ಲಿ ಮಕ್ಕಳೊಡನೆ ಕೆಲಸ ಮಾಡಿದ ಮಾರಿಯಾ ಮಾಂಟೆಸ್ಸರಿ, ಅದಕ್ಕೂ ಬಹಳ ಮೊದಲೇ ಬಾರ್ಸಿಲೋನಾದಲ್ಲಿ ಮಕ್ಕಳ ಧರ್ಮಶಿಕ್ಷಣಕ್ಕೆ ಕೈಹಾಕಿದ್ದರು. ರೋಮ್‌ನಲ್ಲಿ 1954ರಿಂದ ಅದನ್ನು ಬೆಳೆಸಿದವರು ಹೀಬ್ರೂ ವಿದ್ವಾಂಸೆ ಸೋಫಿಯಾ ಕವಲೆಟ್ಟಿ ಮತ್ತು ಮಾಂಟೆಸ್ಸರಿ ಶಿಕ್ಷಕಿ ಜಿಯಾನ್ನಾ ಗೋಬಿ. ಅವರು ಪಾಲಿಸಿದ ಒಂದು ನಿಯಮದಲ್ಲಿ ಇಡೀ ತತ್ತ್ವಶಾಸ್ತ್ರವೇ ಅಡಗಿದೆ. ಕೊನೆಯ ಭೋಜನದಂಥ, ನಡೆದದ್ದೆಂದು ಚರ್ಚು ಸಾರುವ ಘಟನೆಗಳಿಗೆ ಮೂರು ಆಯಾಮದ ಬೊಂಬೆಗಳು. ಯೇಸು ಹೇಳಿದ ಸಾಮತಿಗಳಿಗೆ, ಅಂದರೆ ದೃಷ್ಟಾಂತ ಕಥೆಗಳಿಗೆ, ಚಪ್ಪಟೆಯಾದ ಆಕೃತಿಗಳು. ಚರಿತ್ರೆಗೂ ಕಥೆಗೂ ಇರುವ ಅಂತರವನ್ನು ವಿವರಿಸದೆಯೇ ಮಗುವಿನ ಬೆರಳು ಅರಿಯುತ್ತದೆ.

ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ 1970ರ ದಶಕದ ಆರಂಭದಲ್ಲಿ ಇಟಲಿಯ ಬೆರ್ಗಾಮೊದಲ್ಲಿ ಮಾಂಟೆಸ್ಸರಿ ತರಬೇತಿ ಪಡೆದು, ಕವಲೆಟ್ಟಿಯವರಿಂದ ಕಲಿತು, ಗಾಡ್ಲಿ ಪ್ಲೇ ಎಂಬ ಪದ್ಧತಿ ಕಟ್ಟಿದರು. ಅದರಲ್ಲಿ ಫೆಲ್ಟ್ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹೊಂಬಣ್ಣದ ಮುಚ್ಚಳದ ಪೆಟ್ಟಿಗೆ ತೆರೆದು ಕಥೆ ಹೇಳುವವರು ಮೊದಲು ಹಸಿರು ಫೆಲ್ಟನ್ನು ನೆಲದ ಮೇಲೆ ಬಿಡಿಸಿ ಸವರುತ್ತಾರೆ. ಇದು ಏನಿರಬಹುದು ಎಂದು ಮಕ್ಕಳೊಡನೆ ತಾವೂ ಬೆರಗಾಗುತ್ತಾರೆ. ಹುಲ್ಲುಗಾವಲೋ, ದೊಡ್ಡ ಎಲೆಯೋ! ಆಮೇಲೆ ನೀಲಿ ತುಂಡು, ಅದು ನೀರು. ಕಂದು ಪಟ್ಟಿಗಳನ್ನು ಚೌಕವಾಗಿ ಜೋಡಿಸಿದರೆ ಕುರಿದೊಡ್ಡಿ. ಆಮೇಲೆ ಕಪ್ಪು ತುಂಡುಗಳು, ಅಪಾಯದ ಜಾಗಗಳು. ಐದು ಕುರಿಗಳೂ ಕುರುಬನೂ ಬರುತ್ತಾರೆ. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದ ಒಳ್ಳೇ ಕುರುಬ, ಹೆಸರು ಹಿಡಿದು ಕರೆಯುತ್ತ, ಮುಂದೆ ಮುಂದೆ ನಡೆಯುವವನು. ಅವನ ಹಿಂದೆ ಕುರಿಗಳು ಒಂದೊಂದೇ ಆ ಕಪ್ಪು ಜಾಗಗಳ ನಡುವಿನಿಂದ ಹಾಯುತ್ತವೆ.

ಆ ಕಪ್ಪು ತುಂಡುಗಳನ್ನು ನೋಡಿ. ಅವುಗಳ ಮೇಲೆ ಯಾವ ಚಿತ್ರವೂ ಇಲ್ಲ, ಹಾವಿಲ್ಲ, ಕಮರಿಯಿಲ್ಲ, ದೆವ್ವವಿಲ್ಲ. ಜಗತ್ತಿನಲ್ಲಿ ಭಯ ಇದೆ ಎಂಬುದನ್ನು ಬಟ್ಟೆ ಮುಚ್ಚಿಡುವುದಿಲ್ಲ, ಭಯ ಯಾವುದೆಂದು ಹೇಳುವುದೂ ಇಲ್ಲ. ಅಜ್ಜಿಯನ್ನು ಕಳೆದುಕೊಂಡ ಮಗುವಿಗೆ ಅದು ಆಸ್ಪತ್ರೆಯಾಗಬಹುದು, ಮನೆಯಲ್ಲಿ ಜಗಳ ಕೇಳುವ ಮಗುವಿಗೆ ರಾತ್ರಿಯ ಕೋಣೆಯಾಗಬಹುದು. ಕವಲೆಟ್ಟಿಯವರಂತೂ ಆರು ವರ್ಷದೊಳಗಿನವರಿಗೆ ಅದೇ ಅಧ್ಯಾಯದಲ್ಲಿ ಬರುವ ಬಾಡಿಗೆ ಕುರುಬನ, ತೋಳದ ಭಾಗವನ್ನೇ ಹೇಳುತ್ತಿರಲಿಲ್ಲ. ಆ ವಯಸ್ಸಿಗೆ ಬೇಕಾದದ್ದು ರಕ್ಷಣೆಯ ಭರವಸೆ, ಪರೀಕ್ಷೆ ಆಮೇಲೆ ಬರಲಿ ಎಂಬುದು ಅವರ ಅನುಭವದ ಮಾತು. ಕುರಿ ಎಂದರೆ ನೀನೇ ಎಂದು ದೊಡ್ಡವರು ಹೇಳಿಕೊಡಬಾರದು, ಮಗು ತಾನೇ ಕಂಡುಕೊಳ್ಳಬೇಕು ಎಂಬುದರಲ್ಲೂ ಅವರು ಗಟ್ಟಿಯಾಗಿದ್ದರು. ಒಳ್ಳೆಯ ಧರ್ಮಶಿಕ್ಷಣ ಎಂದು ಯಾವುದನ್ನಾದರೂ ಕರೆಯುವುದಾದರೆ ಈ ತಾಳ್ಮೆಯನ್ನು ಕರೆಯಬೇಕು.

ಇದರ ಪಕ್ಕದಲ್ಲಿ ರಜಾ ಬೈಬಲ್ ಶಾಲೆಗಳ ಸಾಮಾನ್ಯ ಕೈಕೆಲಸವನ್ನು ಇಟ್ಟು ನೋಡಿದರೆ ಕೊರತೆ ಎಲ್ಲಿದೆ ಎಂದು ಕಾಣುತ್ತದೆ. ಮುಂಚೆಯೇ ಕತ್ತರಿಸಿಟ್ಟ ತುಂಡುಗಳು, ಗೋಂದು, ಹೇಳಿದ ಜಾಗದಲ್ಲಿ ಅಂಟಿಸುವುದು, ಮನೆಗೆ ಒಯ್ಯುವುದು. ಇಪ್ಪತ್ತು ಮಕ್ಕಳ ಕೈಯಲ್ಲಿ ಇಪ್ಪತ್ತು ಒಂದೇ ಬಗೆಯ ನಾವೆ. ಮಕ್ಕಳಿಗೆ ಸಂತೋಷವಾಗುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಗೋಂದು ಒಣಗುತ್ತಲೇ ಕಥೆಯೂ ನಿಂತುಹೋಗುತ್ತದೆ. ಯೇಸುವಿನ ಸಾಮತಿಯ ದುಂದುಗಾರ ಮಗ ಮತ್ತೆ ಮನೆ ಬಿಟ್ಟು ಹೋಗಲಾರ, ಅಪ್ಪ ಮತ್ತೆ ಓಡಿಬರಲಾರ. ಬಿಡಿ ತುಂಡುಗಳಲ್ಲಾದರೆ ಮಗು, ತಮ್ಮ ಮರಳಿದ ಸಂಭ್ರಮಕ್ಕೆ ಮುನಿದ ಹಿರಿಯಣ್ಣನನ್ನು ಎತ್ತಿಕೊಂಡು ಔತಣದ ಒಳಗಿಡಲೋ ಹೊರಗಿಡಲೋ ಎಂದು ಯೋಚಿಸುತ್ತದೆ. ಲೂಕನ ಸುವಾರ್ತೆಯೂ ಅವನನ್ನು ಬಾಗಿಲಾಚೆಯೇ ಬಿಟ್ಟಿದೆ, ಒಳಗೆ ಬಂದನೆಂದು ಹೇಳಿಲ್ಲ.

ಜಲಪ್ರಳಯದ ನಾವೆಯ ಮಾತಂತೂ ಇನ್ನೂ ಕಷ್ಟದ್ದು. ಜಿರಾಫೆ ತಲೆ ಹೊರಗೆ ಚಾಚಿದ, ಮೇಲೆ ಕಾಮನಬಿಲ್ಲು ಕಟ್ಟಿದ ಫೆಲ್ಟ್ ನಾವೆಗಿಂತ ಮುದ್ದಾದದ್ದು ಇಲ್ಲ. ಕಥೆ ಮಾತ್ರ ಮುಳುಗಿಹೋದ ಲೋಕದ್ದು. ಪುಟ್ಟ ಮಕ್ಕಳಿಗೆ ಹೆಣಗಳನ್ನು ತೋರಿಸಬೇಕೆಂದು ಯಾರೂ ಹೇಳಲಾರರು. ಹಾಗೆಂದು ಅದನ್ನು ಪ್ರಾಣಿಸಂಗ್ರಹಾಲಯದ ಪ್ರವಾಸ ಮಾಡಿದರೆ, ಹತ್ತು ವರ್ಷದ ಹೊತ್ತಿಗೆ ಮಗು ಆದಿಕಾಂಡವನ್ನು ತಾನೇ ಓದಿದಾಗ ದೊಡ್ಡವರು ತನಗೆ ಏನನ್ನೋ ಮುಚ್ಚಿಟ್ಟರು ಎಂದುಕೊಳ್ಳುತ್ತದೆ. ಬೆರಿಮನ್ನರ ಕಪ್ಪು ತುಂಡಿನಂಥದ್ದು ಇಲ್ಲೂ ಬೇಕು. ಬರಿಯ ಕಡುನೀಲಿ ಬಟ್ಟೆಯೊಂದನ್ನು ಇಡೀ ನೆಲಕ್ಕೆ ಹಾಸಿ, ಅದರ ಮೇಲೆ ಒಂದೇ ಒಂದು ಕಂದು ಚೂರನ್ನಿಟ್ಟರೆ ಸಾಕು.

ಇದೇ ಎಚ್ಚರ, ದಾವೀದನ ತಂದೆ ಇಷಯನ ಹೆಸರಿನ ಮರಕ್ಕೂ ಬೇಕು. ಇಷಯನ ಬುಡದಿಂದ ಚಿಗುರೊಡೆಯುವುದು ಎಂಬ ಯೆಶಾಯನ 11ನೇ ಅಧ್ಯಾಯದ ಮಾತನ್ನು ಹಿಡಿದು 12ನೇ ಶತಮಾನದ ಫ್ರಾನ್ಸಿನಲ್ಲಿ, ಸೇಂಟ್ ಡೆನಿಸ್ ಮತ್ತು ಶಾರ್ತ್ರ್ ದೇವಾಲಯಗಳ ಬಣ್ಣದ ಗಾಜಿನಲ್ಲಿ, ಯೇಸುವಿನ ವಂಶವೃಕ್ಷ ಮೂಡಿತು. ಈಗ ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದಲ್ಲಿ ಅನೇಕ ಮನೆಗಳಲ್ಲಿ ಒಣಕೊಂಬೆಯೊಂದನ್ನು ಕುಂಡದಲ್ಲಿ ನೆಟ್ಟು ದಿನಕ್ಕೊಂದು ಫೆಲ್ಟಿನ ಗುರುತು ತೂಗುಹಾಕುತ್ತಾರೆ. ಹಣ್ಣು ಆದಾಮ, ಹವ್ವರಿಗೆ, ಏಣಿ ಯಾಕೋಬನಿಗೆ, ಬಣ್ಣದ ಅಂಗಿ ಯೋಸೇಫನಿಗೆ, ತೆನೆ ರೂತಳಿಗೆ, ಕಿರೀಟ ದಾವೀದನಿಗೆ. ಅಬ್ರಹಾಮನ ದಿನ ಬರುವುದು ಟಗರು. ಟಗರು ಏಕೆ ಎಂದು ಮಗು ಕೇಳಿದರೆ, ಮಗನ ಮೇಲೆ ಕತ್ತಿ ಎತ್ತಿದ ತಂದೆಯ ಕಥೆ ಹೇಳಲೇಬೇಕು. ಆ ಪ್ರಶ್ನೆಗೆ ಹೆದರಿ ನಕ್ಷತ್ರವೊಂದನ್ನು ಕತ್ತರಿಸಿ ನೇತುಹಾಕುವವರೂ ಇದ್ದಾರೆ. ಟಗರನ್ನೇ ಹಾಕಿ, ಪ್ರಶ್ನೆ ಬಂದಾಗ ತಡವರಿಸುತ್ತಲೇ ಉತ್ತರಿಸುವುದು ಮಗುವಿಗೆ ಹೆಚ್ಚು ಪ್ರಾಮಾಣಿಕವಾದದ್ದು. ಈ ಕಥೆಯ ಮುಂದೆ ತತ್ತ್ವಜ್ಞಾನಿ ಕಿರ್ಕೆಗಾರ್ಡ್ ಕೂಡ 1843ರಲ್ಲಿ ಒಂದಿಡೀ ಪುಸ್ತಕದ ತುಂಬ ತಡವರಿಸಿದ್ದಾನೆ.

ಇನ್ನು ಕತ್ತರಿಗೆ ನಿಲುಕದವು. ಬಿಳಿ ಗಡ್ಡದ ಮುದುಕನನ್ನು ಕತ್ತರಿಸಿ ಇವನೇ ತಂದೆಯಾದ ದೇವರು ಎನ್ನುವುದು ಸುಲಭ, ಮಗುವಿನ ತಲೆಯಿಂದ ಆಮೇಲೆ ಅದನ್ನು ತೆಗೆಯುವುದು ಕಷ್ಟ. ತ್ರಿಯೇಕತ್ವಕ್ಕೆ ಹಸಿರು ಫೆಲ್ಟಿನ ಮೂರೆಲೆಯ ಸೊಪ್ಪು ಮಾಡಿಸುವುದೂ ಹಾಗೇ. ಪ್ರತಿ ಎಲೆಯೂ ಗಿಡದ ಒಂದೊಂದು ಪಾಲು ಮಾತ್ರ, ಚರ್ಚು ಹೇಳುವುದಾದರೋ ಮೂವರಲ್ಲಿ ಒಬ್ಬೊಬ್ಬರೂ ಪೂರ್ಣ ದೇವರೆಂದು. ಸಾಸಿವೆ ಕಾಳಿನ ಸಾಮತಿಯಲ್ಲಿ ಬೆರಿಮನ್ ಮಾಡಿದ್ದು ಇದಕ್ಕಿಂತ ಜಾಣತನದ್ದು. ಅಲ್ಲಿ ಕಾಳೇ ಇಲ್ಲ. ಕಥೆ ಹೇಳುವವರು ಬರಿಯ ಬೆರಳ ತುದಿಯನ್ನು ತೋರಿಸುತ್ತಾರೆ, ಕಾಳು ಕಾಣದಷ್ಟು ಸಣ್ಣದು ಎಂಬಂತೆ. ಆಮೇಲೆ ಸುತ್ತಿಟ್ಟ ಹಸಿರು ಮರ ಬಿಚ್ಚಿಕೊಳ್ಳುತ್ತದೆ, ಮಕ್ಕಳು ಹಕ್ಕಿ, ಗೂಡುಗಳನ್ನು ಇಡುತ್ತಾರೆ. ನಾಲ್ಕು ಸುವಾರ್ತೆಗಳೂ ಯೇಸು ಎದ್ದ ಆ ಗಳಿಗೆಯನ್ನು ವರ್ಣಿಸಿಲ್ಲ, ತೋರಿಸಿರುವುದು ಬರಿದಾದ ಸಮಾಧಿಯನ್ನು. ಈಸ್ಟರ್‌ನ ಫೆಲ್ಟ್ ಪೆಟ್ಟಿಗೆಯಲ್ಲೂ ಉರುಳುವ ಒಂದು ಬೂದುಗಲ್ಲು, ಒಳಗೆ ಮಡಚಿಟ್ಟ ಬಿಳಿ ಬಟ್ಟೆ ಇದ್ದರೆ ಸಾಕು.

ಬಣ್ಣದ ವಿಷಯ ಉಳಿಯಿತು. ಹೊರದೇಶದಿಂದ ಬರುವ ಸಿದ್ಧ ಸೆಟ್‌ಗಳಲ್ಲಿ ಯೇಸುವಿಗೂ ಶಿಷ್ಯರಿಗೂ ಬೆಳ್ಳನೆಯ ಮೈ, ಕಂದು ಗುಂಗುರು ಕೂದಲು ಇರುವುದು ಹೆಚ್ಚು. ಗಲಿಲಾಯದ ಬಡಗಿ ಹಾಗಿದ್ದಿರಲಾರ. ಗೋವಾದ ಆಂಜೆಲೊ ದಾ ಫೊನ್ಸೆಕಾ ಮರಿಯಳಿಗೆ ಸೀರೆ ಉಡಿಸಿ ಬರೆದು ಊರಿನವರ ಟೀಕೆ ಎದುರಿಸಿದರು. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ದಶಕಗಳಿಂದ ಕ್ರಿಸ್ತನನ್ನು ಈ ನೆಲದ ರೂಪಗಳಲ್ಲಿ ಕಾಣಿಸುತ್ತ ಬಂದಿದ್ದಾರೆ. ದೊಡ್ಡವರ ಕಲೆಯಲ್ಲಿ ಆದ ಈ ಬದಲಾವಣೆ ಮಕ್ಕಳ ಪೆಟ್ಟಿಗೆಗೆ ಇನ್ನೂ ಸರಿಯಾಗಿ ಇಳಿದಿಲ್ಲ. ಮನೆಯಲ್ಲೇ ಕತ್ತರಿಸುವವರಿಗೆ ಇದು ದೊಡ್ಡ ಖರ್ಚಿನ ಸುಧಾರಣೆಯೂ ಅಲ್ಲ. ಅಂಗಡಿಗೆ ಹೋದಾಗ ಗುಲಾಬಿ ಛಾಯೆಯ ಹಾಳೆಯನ್ನು ಬಿಟ್ಟು ಗೋಧಿ, ಬೆಲ್ಲ, ಕಾಫಿಪುಡಿ ಬಣ್ಣದ ಮೂರು ಹಾಳೆ ಕೊಂಡು ತಂದು, ಯಾರಿಗೆ ಯಾವ ಬಣ್ಣ ಎಂದು ಆರಿಸುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು.